ತಾನಾಗಿ ಹುಟ್ಟಿದ ಬಳ್ಳಿ

ನಾಲಗೆಗೆ ತಾಗಿದ್ದೇ ತಡ, ತೋಟದಕ್ಕ ಸೋರೆಕಾಯಿಯ ಚೂರನ್ನು ಥೂ ಎಂದು ಉಗಿದಳು. ಗಂಟಲೊಳಗೆ ಇಳಿದು ಕೂರುವಂಥ ಕಹಿ. ಒಲೆಯ ಮೇಲಿಡುವ ಮುಂಚೆ ಒಂದು ಚೂರನ್ನು ಹಸಿಯಾಗಿಯೇ ಕಚ್ಚಿ ನೋಡುವುದು ಅವಳ ಅಭ್ಯಾಸ. ಕಹಿ ಸೋರೆಕಾಯಿ ವಿಷಕ್ಕೆ ಸಮ, ಹೊಟ್ಟೆಗೆ ಹೋದರೆ ಆಸ್ಪತ್ರೆಯೇ ಗತಿ ಎಂದು ಬಲ್ಲವಳು. ಬಾಯಿ ಮುಕ್ಕಳಿಸುತ್ತಿದ್ದವಳಿಗೆ ಥಟ್ಟನೆ ನೆನಪಾಯಿತು. ಇದರ ಜೋಡಿ ಕಾಯನ್ನು ಬೆಳಿಗ್ಗೆ ತಾನೇ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಟೀಚರಮ್ಮನ ಕೈಗೆ ಕೊಟ್ಟಿದ್ದಳು. ಟೀಚರಮ್ಮನ ಸೊಸೆ ತುಂಬು ಬಸುರಿ. "ಹುಡುಗಿಗೆ ತಂಪು, ಇವತ್ತೇ ಮಾಡಿ ಹಾಕಿ" ಎಂದು ಉಪದೇಶ ಬೇರೆ.

ಹೋದ ವರ್ಷದ ಬಳ್ಳಿಯ ಹಾಗೆ ಬೀಜ ಬಿತ್ತಿ ಬೆಳೆಸಿದ್ದಲ್ಲ, ಹಿತ್ತಲಿನ ಗೊಬ್ಬರದ ಗುಂಡಿಯ ಅಂಚಿನಲ್ಲಿ ಈ ವರ್ಷ ತಾನಾಗಿ ಹುಟ್ಟಿದ ಬಳ್ಳಿ ಅದು. ಬೀಜ ಹಾಕಿದವರಿಲ್ಲ, ಚಪ್ಪರ ಕಟ್ಟಿದವರಿಲ್ಲ, ಆದರೂ ಗೋಡೆ ಹತ್ತಿ ಕೂತಿತ್ತು. "ನನ್ನ ಕೈಗುಣ ಅಂಥದ್ದು, ಬಿತ್ತದೇನೇ ಬೆಳೆಯುತ್ತೆ" ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಇವತ್ತೇ ಅದರ ಮೊದಲ ಎರಡು ಕಾಯಿ ಕೊಯ್ದದ್ದು. ತೋಟದಕ್ಕ ಹೆಚ್ಚುತ್ತಿದ್ದ ಚಾಕುವನ್ನು ಹಿಡಿದುಕೊಂಡೇ ಓಡಿದಳು.

ಬಾಗಿಲು ತೆಗೆದ ಟೀಚರಮ್ಮ ಚಾಕು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಸೋರೆಕಾಯಿ ಏನ್ಮಾಡಿದ್ರಿ?"

"ಅದನ್ನ ಕೇಳೋಕೆ ಬಂದ್ರಾ? ಆಗ್ಲೇ ಮಾಡಿ ತಿಂದಾಯ್ತಲ್ಲ. ಬೆಣ್ಣೆ ಹಾಗಿತ್ತು. ನಮ್ಮ ಸೊಸೆ ಅಂತೂ ಎರಡು ಸಲ ಹಾಕಿಸ್ಕೊಂಡ್ಲು."

ತೋಟದಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ವಾಂತಿ ಆಯ್ತಾ ಅವಳಿಗೆ? ತಲೆ ಸುತ್ತುತ್ತಾ? ಟೀಚರಮ್ಮ, ಅದು ಕಹಿ ಕಾಯಿ, ವಿಷ. ಗಾಡಿ ಕರೆಸಿ, ಆಸ್ಪತ್ರೆಗೆ ಹೋಗೋಣ. ಎಲ್ಲಿ ಅವಳು?"

ಸೊಂಟದ ಮೇಲೆ ಕೈಯಿಟ್ಟುಕೊಂಡು ಸೊಸೆಯೇ ಒಳಗಿನಿಂದ ಬಂದಳು. "ಅತ್ತೆ, ನಿಜ ಹೇಳ್ಬಿಡಿ. ಇಲ್ದಿದ್ರೆ ಇವ್ರು ನನ್ನ ಹೊತ್ಕೊಂಡೇ ಹೋಗ್ತಾರೆ."

ಸುಳ್ಳು ಹೇಳಬಾರದೆಂದು ಎಷ್ಟೋ ಮಕ್ಕಳ ಕೈಯಲ್ಲಿ ಬರೆಸಿ ನಿವೃತ್ತರಾದ ಟೀಚರಮ್ಮ ನೆಲ ನೋಡಿದರು. "ತಿಂದಿಲ್ಲ ತೋಟದಕ್ಕ. ನಮ್ಮನೇಲಿ ಯಾರಿಗೂ ಸೋರೆಕಾಯಿ ಸೇರಲ್ಲ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೇಂತ ಇಸ್ಕೊಂಡು, ಬೀದಿ ಕೊನೆ ಟೈಲರ್‌ಗೆ ಕೊಟ್ಬಿಡ್ತೀನಿ. ಇವತ್ತೂ ಅಷ್ಟೆ."

ಸಿಟ್ಟು ಬರಬೇಕಾದ ಜಾಗದಲ್ಲಿ ತೋಟದಕ್ಕನಿಗೆ ಹೋದ ಜೀವ ಬಂದಂತಾಯಿತು. ಸೊಸೆಯ ಗಲ್ಲ ಸವರಿ, "ತಿನ್ನದೆ ನನ್ನ ಬದುಕಿಸಿದೆ ಕಣೇ ತಾಯಿ" ಎಂದಳು. ಆದರೆ ಬಂದ ಜೀವ ಮೆಟ್ಟಿಲು ಇಳಿಯುವಷ್ಟರಲ್ಲಿ ಮತ್ತೆ ಹಾರಿಹೋಯಿತು. ಟೈಲರ್ ಮನೆಯಲ್ಲಿ ಇನ್ನೂ ಹಾಲುಹಲ್ಲು ಬೀಳದ ಮಕ್ಕಳಿದ್ದವು.

ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಟ್ಟೆಗೆ ಗುರುತು ಹಾಕುತ್ತಿದ್ದ. ವಿಷಯ ಕೇಳಿ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕತೊಡಗಿದ.

"ಬೇಗ ಬಾಯಿ ಬಿಡಪ್ಪ, ನನ್ನ ಪ್ರಾಣ ಹೋಗ್ತಿದೆ."

"ಗಾಬರಿ ಆಗ್ಬೇಡಿ. ಅದು ನಮ್ಮನೆಗೆ ಹೋಗಿಲ್ಲ, ಯಾವತ್ತೂ ಹೋಗಲ್ಲ. ಸೋರೆಕಾಯಿ ತಂದ್ರೆ ನನ್ನ ಹೆಂಡ್ತಿ ಬಾಗಿಲೇ ತೆಗೆಯಲ್ಲ. ನಿಮ್ಮ ಯಜಮಾನ್ರು ಈ ಕಡೆ ಬರ್ತಾರಲ್ಲ, ಪ್ರತಿ ಸಲ ಅವರ ಚೀಲಕ್ಕೆ ಹಾಕಿ ಕಳಿಸ್ತೀನಿ. ಇವತ್ತೂ ಕಳಿಸ್ದೆ."

"ನನ್ನ ಕಾಯಿ ಅಂತ ಗೊತ್ತಿದ್ದೂ?"

"ಗೊತ್ತಾಗದೇ ಇರುತ್ತಾ? ಎಳೆಯದಾ ಅಂತ ನೋಡೋಕೆ ತೊಟ್ಟಿನ ಹತ್ರ ಉಗುರು ಒತ್ತಿರ್ತೀರಲ್ಲ. ನಿಮ್ಮದು ನಿಮಗೇ ಸೇರ್ಲಿ ಅಂತ. ಹೋದ ವರ್ಷದಿಂದ ಹೀಗೇ ನಡೀತಿದೆ. ಬೀಜಕ್ಕೆ ಅಂತ ಟೀಚರಮ್ಮನಿಗೆ ಒಂದು ಒಣಗಿದ ಸೋರೆ ಬುರುಡೆ ಕೊಟ್ಟಿದ್ರಲ್ಲ, ಅದೂ ಹಾಗೇ ಹೋಯ್ತು."

"ಇವ್ರು ಏನಂತಾರೆ?"

"ಏನೂ ಅನ್ನಲ್ಲ. ಅವಳಿಗೆ ಹೇಳ್ಬೇಡಪ್ಪ ಅಂತಾರೆ, ಅಷ್ಟೆ."

ತೋಟದಕ್ಕ ಈ ಸಲ ಓಡಲಿಲ್ಲ. ಮನೆಯೊಳಗೂ ಹೋಗದೆ ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ ಬಂದಳು. ಗಂಡ ಅವಳಿಗೆ ಬೆನ್ನು ಮಾಡಿಕೊಂಡು ಗೊಬ್ಬರದ ಗುಂಡಿಯ ಅಂಚಿನಲ್ಲಿ ಗುದ್ದಲಿಯಿಂದ ತೋಡುತ್ತಿದ್ದ. ಕಾಲ ಬಳಿ ಬೆಳಗಿನ ಸೋರೆಕಾಯಿ ಇಡಿಯಾಗಿ ಬಿದ್ದಿತ್ತು. ತೊಟ್ಟಿನ ಪಕ್ಕದಲ್ಲಿ ಅವಳ ಹೆಬ್ಬೆರಳ ಉಗುರು ಮೂಡಿಸಿದ ಚಂದ್ರ.

ತಿರುಗಿ ನೋಡಿದ ಗಂಡ ಗುದ್ದಲಿಯನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ಊರಿಕೊಂಡು ನಿಂತ. "ವಾಪಸ್ ಬಂತು ಅಂದ್ರೆ ನೀನು ನೊಂದ್ಕೋತೀಯ ಅಂತ..."

"ಹೋದ ವರ್ಷದವೂ ಇಲ್ಲೇನಾ?"

"ಇಲ್ಲೇ."

"ಬೀಜದ ಬುರುಡೆ?"

"ಅದೂ ಇಲ್ಲೇ ಕಣೇ."

ತೋಟದಕ್ಕ ಗೋಡೆ ಹತ್ತಿದ ಬಳ್ಳಿಯನ್ನು ನೋಡಿದಳು. ಅದರ ಬುಡ ಹಿಡಿದು ಇಳಿದ ಕಣ್ಣು ಗಂಡ ತೋಡಿದ ಮಣ್ಣಿಗೆ ಬಂದು ನಿಂತಿತು. ಅಲ್ಲೇ ಗುಂಡಿಯ ಕಟ್ಟೆಯ ಮೇಲೆ ಕುಸಿದು ಕೂತು ನಗತೊಡಗಿದಳು. ಗಂಡ ಮೊದಲು ಹೆದರಿದ, ಆಮೇಲೆ ಅವನಿಗೂ ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಯಾರ ಹೊಟ್ಟೆಗೂ ಹೋಗಲಿಲ್ಲವಲ್ಲ ಎಂದು ಮತ್ತೊಮ್ಮೆ ಉಸಿರು ಬಿಟ್ಟು, ಎದ್ದಳು. ಅಷ್ಟು ಹೊತ್ತೂ ಕೈಯಲ್ಲೇ ಉಳಿದಿದ್ದ ಚಾಕುವಿನಿಂದ ಬಳ್ಳಿಯ ಬುಡವನ್ನು ಒಂದೇ ಏಟಿಗೆ ಕತ್ತರಿಸಿದಳು. ಹೂವು, ಹೀಚು, ಎಲೆಯನ್ನೆಲ್ಲ ಗೋಡೆಯಿಂದ ಎಳೆದು ಕಾಯಿಯ ಮೇಲೆ ತಂದು ಹಾಕಿದಳು.

ಗಂಡ ಮಣ್ಣು ಎಳೆಯಲು ಗುದ್ದಲಿ ಎತ್ತಿದ.

"ತಡೀರಿ," ಎಂದಳು ತೋಟದಕ್ಕ. "ಇನ್ನೊಂದು ಮೊಳ ಆಳ ತೋಡಿ. ಮತ್ತೆ ತಾನಾಗಿ ಹುಟ್ಟಿಬಿಟ್ಟಾತು."