ಅಳಿಯನ ಹೊಟ್ಟೆ

“ಗಾಡಿ ನಿಲ್ಸಿ!”

ಹಿಂದಿನ ಸೀಟಿನಿಂದ ಅಳಿಯ ಕೂಗಿದ. ಅವನ ಭಾವ, ಹೆಂಡತಿಯ ಅಣ್ಣ, ಬ್ರೇಕ್ ತುಳಿದ. ಕಾರು ಪೂರ್ತಿ ನಿಲ್ಲುವ ಮೊದಲೇ ಅಳಿಯ ಇಳಿದು ಪೆಟ್ರೋಲ್ ಬಂಕಿನ ಶೌಚಾಲಯದ ಕಡೆ ಓಡಿದ. ಹಿಂದೆಯೇ ಕೈಚೀಲ ಹಿಡಿದುಕೊಂಡು ಹೆಂಡತಿ.

“ಅವನು ಹೋದ್ರೆ ಇವಳ್ಯಾಕೆ ಓಡ್ಬೇಕು?” ಮುಂದಿನ ಸೀಟಿನಲ್ಲಿದ್ದ ಅತ್ತೆ ಗೊಣಗಿದರು. “ಗಂಡನ ಹೊಟ್ಟೆ ಕಾಯೋದೇ ನನ್ನ ಮಗಳ ಬಾಳಾಗೋಯ್ತು. ಅವನು ತಿನ್ನಲ್ಲ ಅಂತ ಇವಳೂ ತಿನ್ನಲ್ಲ. ಹೇಗೆ ಸೊರಗಿದಾಳೆ ನೋಡು.”

ಭಾವ ನೋಡಿದ್ದ. ಅವನು ಡ್ರೈವಿಂಗ್ ಸ್ಕೂಲ್ ನಡೆಸುವವನು. ಪಕ್ಕದ ಸೀಟಿನಲ್ಲಿ ಕುಳಿತು ಇನ್ನೊಬ್ಬರ ಗಾಡಿಗೆ ಬ್ರೇಕ್ ಹಾಕಿ ಹಾಕಿ, ಇನ್ನೊಬ್ಬರ ಬದುಕಿಗೂ ಹಾಗೇ ಮಾಡುವ ಅಭ್ಯಾಸ. ಒಬ್ಬಳೇ ತಂಗಿ ಬೇರೆ.

ಬಹಳ ಹೊತ್ತಿನ ಮೇಲೆ ಗಂಡಹೆಂಡಿರು ಬಂದರು. ಇಬ್ಬರ ಮುಖವೂ ಬಾಡಿತ್ತು.

“ಸಾಕಪ್ಪಾ ಈ ಆಟ,” ಎಂದ ಭಾವ. “ನಾನೇ ನಿನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೀನಿ.”

ದೊಡ್ಡಕರುಳಿನಲ್ಲಿ ಹುಣ್ಣು. ವಾಸಿಯಾಗುವಂಥದ್ದಲ್ಲ, ಅಡಗಿರುತ್ತದೆ, ಕೆರಳುತ್ತದೆ, ಮತ್ತೆ ಅಡಗುತ್ತದೆ. ಮದುವೆಯಾದ ಹೊಸದರಲ್ಲೇ ಅಳಿಯ ಎಲ್ಲರೆದುರು ಬಿಡಿಸಿ ಹೇಳಿದ್ದ. ಹೇಳುವುದು ಅವನಿಗೆ ಕಷ್ಟವೂ ಅಲ್ಲ. ಆಸ್ಪತ್ರೆಗಳಿಂದ ಬರುವ ವೈದ್ಯರ ಟಿಪ್ಪಣಿಗಳನ್ನು ಓದಿ ಪ್ರತಿ ಕಾಯಿಲೆಗೂ ಅದರ ಸಂಕೇತ ಕೊಡುವುದೇ ಅವನ ಕೆಲಸ. ಈ ಕಾಯಿಲೆಗೆ ‘ಕೆ ಐವತ್ತೊಂದು’. ಇಡೀ ದೊಡ್ಡಕರುಳಿಗೆ ಹಬ್ಬಿದ್ದರೆ ಮುಂದೆ ಒಂದು ಅಂಕಿ, ಎಡಭಾಗದಲ್ಲಿ ಮಾತ್ರವಿದ್ದರೆ ಇನ್ನೊಂದು, ರಕ್ತ ಹೋಗುತ್ತಿದ್ದರೆ ಮತ್ತೊಂದು. ವೈದ್ಯರು ಬರೆಯದ್ದನ್ನು ಊಹಿಸುವಂತಿಲ್ಲ, ಬರೆದದ್ದನ್ನು ಬಿಡುವಂತಿಲ್ಲ. ಕಂಪ್ಯೂಟರಿನ ಮುಂದೆ ಕುಳಿತನೆಂದರೆ ಊಟದ ಹೊತ್ತಿನವರೆಗೆ ಏಳುವವನಲ್ಲ; ಅವನ ಕುರ್ಚಿಗೆ ಯಾರೋ ಗೋಂದು ಬಳಿದಿದ್ದಾರೆಂದು ಆಫೀಸಿನಲ್ಲಿ ತಮಾಷೆ.

ಮಾರನೆಯ ದಿನ ಭಾವ ಆ ಆಫೀಸಿನ ಬಾಗಿಲಿಗೇ ಬಂದು ನಿಂತ.

“ಡಾಕ್ಟ್ರು ನನ್ನ ಹತ್ರನೇ ಕಾರು ಕಲ್ತೋರು. ನಾಡಿದ್ದು ಕ್ಯಾಮೆರಾ ಹಾಕಿ ಒಳಗೆಲ್ಲಾ ನೋಡ್ತಾರೆ.”

“ಟ್ರೀಟ್‌ಮೆಂಟ್ ನಡೀತಾ ಇದೆಯಲ್ಲ.”

“ಯಾವ ಡಾಕ್ಟ್ರು? ಎಲ್ಲಿ ಫೈಲು?”

ಅಳಿಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೇಡವೆಂದರೆ ಯಾಕೆ ಎನ್ನುತ್ತಾರೆ. ಹೂಂ ಎಂದರೆ ಎಲ್ಲವೂ ಬರಹಕ್ಕಿಳಿಯುತ್ತದೆ. ಬರಹಕ್ಕಿಳಿದದ್ದು ಏನಾಗುತ್ತದೆಂದು ಅವನಷ್ಟು ಬಲ್ಲವರು ಯಾರು? ಎತ್ತ ತಿರುಗಿದರೂ ಗೋಡೆ.

“ಆಯ್ತು, ಬರ್ತೀನಿ,” ಎಂದ.

ಪರೀಕ್ಷೆಯ ಹಿಂದಿನ ಸಂಜೆ, ಹೊಟ್ಟೆ ಖಾಲಿ ಮಾಡುವ ದ್ರಾವಣವನ್ನು ಹೆಂಡತಿ ಫ್ರಿಜ್ಜಿನಿಂದ ತೆಗೆದು ಲೋಟಕ್ಕೆ ಬಗ್ಗಿಸಿದಳು.

“ಮೂಗು ಹಿಡ್ಕೊಂಡು ಒಂದೇ ಗುಟುಕಿಗೆ ಕುಡೀರಿ. ತಣ್ಣಗಿದ್ರೆ ಸುಲಭ.”

ಅವನು ಮುಖ ಕಿವುಚಿದ. “ಅಬ್ಬಾ! ಸಮುದ್ರಾನೇ ಕುಡಿದ ಹಾಗಿದೆ.”

ಅವಳು ನಗಲಿಲ್ಲ. “ಎಲ್ಲಾ ಹೇಳಿಬಿಡೋಣ. ನನ್ನ ಕೈಲಿ ನೋಡಕ್ಕಾಗ್ತಿಲ್ಲ.”

“ನಿಮ್ಮಮ್ಮನ ಬಾಯಿ ಗೊತ್ತಲ್ಲ. ಸುಮ್ನಿರು. ನಾನು ತಡ್ಕೋತೀನಿ.”

ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಬಾಯಿ ಸುಮ್ಮನಿರಲಿಲ್ಲ. “ಇಂಥಾ ಕಾಯಿಲೆಯೋರು ಮದುವೇನೇ ಆಗ್ಬಾರ್ದು. ಇನ್ನೊಬ್ಬರ ಮನೆ ಹಾಳು ಮಾಡೋಕೆ,” ಎಂದರು ಅತ್ತೆ, ಎಲ್ಲರಿಗೂ ಕೇಳುವಂತೆ. ಮಗಳು ನೆಲ ನೋಡುತ್ತ ಕುಳಿತಳು.

ಒಳಗೆ ಡಾಕ್ಟರು ಕೇಳಿದರು. “ರಕ್ತ ಹೋಗುತ್ತಾ?”

“ಕೆರಳಿದಾಗ. ಕಳೆದ ವಾರಾನೂ.”

“ಎಲ್ಲೀವರೆಗೆ ಹಬ್ಬಿದೆ ಅಂದಿದ್ರು?”

“ಇಡೀ ದೊಡ್ಡಕರುಳು.”

“ಪಾಠ ಒಪ್ಪಿಸಿದ ಹಾಗೆ ಹೇಳ್ತೀರಲ್ರೀ!” ಡಾಕ್ಟರು ನಕ್ಕರು.

“ಒಂದು ವಿಷಯ. ಏನೇ ಕಂಡ್ರೂ ನನಗೊಬ್ಬನಿಗೇ ಹೇಳಿ,” ಎನ್ನಹೊರಟ ಅಳಿಯ. ಅಷ್ಟರಲ್ಲಿ ಸೂಜಿಮದ್ದು ಏರಿತ್ತು; ಮಾತು ನಾಲಿಗೆಯ ಮೇಲೆಯೇ ಕರಗಿತು.

ಕಣ್ಣು ಬಿಟ್ಟಾಗ ಮಂಚದ ಸುತ್ತ ಎಲ್ಲರೂ ಇದ್ದರು. ಡಾಕ್ಟರು ತಮ್ಮ ಡ್ರೈವಿಂಗ್ ಗುರುವಿನ ಕಡೆ ತಿರುಗಿ ಆಗಲೇ ಹೇಳುತ್ತಿದ್ದರು. “ಏನೂ ಇಲ್ಲ ಸಾರ್. ಹುಣ್ಣಿಲ್ಲ, ಮಾಗಿದ ಗಾಯದ ಗುರುತೂ ಇಲ್ಲ. ಇದು ಕಾಯಿಲೆ ಕಂಡ ಕರುಳೇ ಅಲ್ಲ.”

ಯಾರೂ ಖುಷಿಪಡಲಿಲ್ಲ.

“ಹಾಗಾದ್ರೆ ಇಷ್ಟು ವರ್ಷ?” ಭಾವನ ದನಿ ಇಳಿಯಿತು. “ಹೋದಲ್ಲೆಲ್ಲಾ ಎದ್ದು ಓಡ್ತಿದ್ದೆಯಲ್ಲ, ಯಾಕೆ? ಯಾರ ಜೊತೆ ಫೋನಲ್ಲಿ ಮಾತಾಡೋಕೆ? ಯಾರವಳು?”

ಅಳಿಯ ಚಾವಣಿ ನೋಡಿದ. ಬಾಯಿ ಬಿಟ್ಟರೆ ಒಂದೇ ಮಾತಿನಲ್ಲಿ ಪಾರಾಗಬಹುದಿತ್ತು. ಬಿಡಲಿಲ್ಲ.

“ನೋಡಿದ್ಯಾ, ಬಾಯಲ್ಲಿ ಮಾತಿಲ್ಲ!” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಸುಳ್ಳು ರೋಗ ಹೇಳ್ಕೊಂಡು ನನ್ನ ಮಗಳನ್ನ ಅರ್ಧ ಮಾಡಿಬಿಟ್ಟ. ಎದ್ದೇಳೇ, ಮನೆಗೆ ಹೋಗೋಣ. ಇವನ ಸಹವಾಸ ಸಾಕು.”

ಭಾವ ತಂಗಿಯ ಕೈ ಹಿಡಿದು ಎಳೆದ. ಅವಳು ಬಾಗಿಲವರೆಗೆ ಹೋದಳು. ಅಳಿಯ ಕಣ್ಣು ಮುಚ್ಚಿಕೊಂಡ. ಹೋಗು ಎನ್ನುವಂತೆ ಬೆರಳು ಆಡಿಸಿದ.

ಅವಳು ಅಣ್ಣನ ಹಿಡಿತ ಬಿಡಿಸಿಕೊಂಡು ಹಿಂದಿರುಗಿ ಬಂದು ಮಂಚದ ತುದಿಯಲ್ಲಿ ಕುಳಿತಳು.

“ಡಾಕ್ಟ್ರೇ, ನೀವು ನೋಡಿದ್ದು ತಪ್ಪು ಹೊಟ್ಟೆ,” ಎಂದಳು. “ಕಾಯಿಲೆ ನನ್ನದು.”