ಮೂರನೆಯ ತಟ್ಟೆ

ಆ ಮನೆಯಲ್ಲಿ ದೆವ್ವ ಇರಲಿಲ್ಲ. ಮಗಳ ಸುದ್ದಿ ತಿಳಿಯದ ತಾಯಿಯೊಬ್ಬಳು ಇದ್ದಳು, ಅಷ್ಟೇ. ಈಗಲೂ ಮೊಮ್ಮಗಳಿಗೆಂದು ಬೀಟ್‌ರೂಟ್ ಬೇಯಲು ಇಟ್ಟರೆ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ನನಗಾಗ ಹತ್ತು ವರ್ಷ. ಅಮೆರಿಕದ ಬರ್ಕ್ಲಿಯಲ್ಲಿ ಚಿಕ್ಕಮ್ಮನ ಕೂಸನ್ನು ನೋಡಿಕೊಳ್ಳಲು ಧಾರವಾಡದಿಂದ ಕರೆತಂದಿದ್ದರು. ಶಾಲೆ ಅಲ್ಲಿಗೇ ನಿಂತಿತು. ಇಂಗ್ಲಿಷ್ ಕಲಿತದ್ದು ಪಕ್ಕದ ಅಪಾರ್ಟ್‌ಮೆಂಟಿನ ಹಲೀನಾಳ ಅಡುಗೆಮನೆಯಲ್ಲಿ. ಪೋಲೆಂಡಿನಿಂದ ಬಂದಿದ್ದ ಅವಳಿಗೂ ಆ ಭಾಷೆ ಹೊಸದು. ಕಂಡದ್ದನ್ನೆಲ್ಲ ಮುಟ್ಟಿ, ಅದು ಹೇಗಿದೆ ಎಂದು ಸರದಿಯಂತೆ ಹೇಳುವುದೇ ನಮ್ಮ ಪಾಠ.

ಅಂದು ಕ್ರಿಸ್‌ಮಸ್‌ನ ಹಿಂದಿನ ದಿನ. ಇದ್ದವರು ಇಬ್ಬರು, ಮೇಜಿನ ಮೇಲೆ ಮೂರು ತಟ್ಟೆ.

“ರೆಡ್ ಸೂಪ್,” ಎಂದಳು ಹಲೀನಾ, ಬೀಟ್‌ರೂಟ್ ಸಾರನ್ನು ಚಮಚದಿಂದ ತೋರಿಸಿ.

“ಹಾಟ್ ಸೂಪ್,” ಎಂದೆ. ಮೂರನೆಯ ತಟ್ಟೆಯಿಂದಲೂ ಹಬೆ ಏಳುತ್ತಿತ್ತು. “ಎಂಪ್ಟಿ ಚೇರ್.”

ಅವಳ ಚಮಚ ನಿಂತಿತು. “ನೋ. ನಾಟ್ ಎಂಪ್ಟಿ. ಮೈ ಆನ್ಯಾ.” ಮಗಳು ಪೋಲೆಂಡಿನಲ್ಲೇ ಉಳಿದಿದ್ದಳು. ಅಲ್ಲಿ ಸೈನಿಕರು ಬೀದಿಗಿಳಿದಿದ್ದರಂತೆ, ಫೋನು ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಒಳಗೆ ಬಂದ ಚಿಕ್ಕಮ್ಮ ನನ್ನ ರಟ್ಟೆ ಹಿಡಿದಳು. “ಏ ಹುಚ್ಚಿ, ಸತ್ತವರಿಗೆ ಎಡಿ ಇಟ್ಟಾಳ, ಅದರ ಎದುರಿಗೇ ಕುಂತೀಯಲ್ಲ! ಅದನ್ನ ಬದುಕಿದ್ದವರು ಬಾಯಿಗಿಡಬಾರದು. ಏಳ!”

ಹಲೀನಾಗೆ ಕನ್ನಡ ಬರುತ್ತಿರಲಿಲ್ಲ. ಚಿಕ್ಕಮ್ಮನ ಮುಖ ಸಾಕಾಯಿತು. “ಅಲೈವ್,” ಎಂದಳು ನನ್ನನ್ನೇ ನೋಡುತ್ತ. “ಆನ್ಯಾ ಅಲೈವ್.” ಮುಂದಿನ ಸರದಿ ನನ್ನದು. ಚಿಕ್ಕಮ್ಮ ನನ್ನನ್ನು ಬಾಗಿಲ ಹೊರಗೆ ಎಳೆದೊಯ್ದಳು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಸ್ನಾನಕ್ಕೆ ಹೋದಾಗ ಕೂಸನ್ನು ಎತ್ತಿಕೊಂಡು ಹಲೀನಾಳ ಮನೆಗೆ ಹೋದೆ. ಮೂರನೆಯ ತಟ್ಟೆ ಹಾಗೆಯೇ ಇತ್ತು. ಆ ಕುರ್ಚಿಯಲ್ಲಿ ಕೂತು “ಕೋಲ್ಡ್ ಸೂಪ್” ಎಂದೆ. ಹಲೀನಾ ನೋಡುತ್ತಿದ್ದಂತೆ ಅಷ್ಟನ್ನೂ ಕುಡಿದೆ.