ಬಲಗಾಲಿನ ಹಟ

"ಬಿಡು, ಸಡಿಲ ಬಿಡು," ಎಂದ ಟೈಲರ್ ಮಾಸ್ಟರ್.

"ನಾನೆಲ್ಲಿ ಹಿಡ್ಕೊಂಡಿದೀನಿ ರೀ? ಅದೇ ಹಿಡ್ಕೊಂಡಿದೆ," ಎಂದಳು ಹೆಂಡತಿ.

ಅವಳು ಮಲಗಿದ್ದದ್ದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಮಂಚ ತಗ್ಗು, ಬಗ್ಗಿ ಮಾಡಿದರೆ ಮಾಸ್ಟರ್‌ನ ಸೊಂಟ ಹಿಡಿಯುತ್ತಿತ್ತು. ಈ ಮೇಜೋ ನಿಂತು ದುಡಿಯುವವನಿಗೆಂದೇ ಮಾಡಿಸಿದ್ದು. ಹಾಗಾಗಿ ದಿನಾ ಬೆಳಿಗ್ಗೆ ಟೈಲರ್ ಅಂಗಡಿಯ ಷಟರ್ ಮೇಲೇಳುವ ಮುನ್ನ ಕತ್ತರಿ, ಟೇಪು, ಸೀಮೆಸುಣ್ಣ ಎಲ್ಲವನ್ನೂ ಒಂದು ಮೂಲೆಗೆ ಸರಿಸಿ, ಅವಳ ಬಲಗಾಲಿನ ಬಿಗಿ ಬಿಡಿಸುವ ಕೆಲಸ. ಆಸ್ಪತ್ರೆಯ ಫಿಸಿಯೋ ಮೇಡಂ ಇಬ್ಬರನ್ನೂ ಕೂರಿಸಿಕೊಂಡು ಕಲಿಸಿಕೊಟ್ಟಿದ್ದರು: ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮುಂಗೈಯಿಂದ ಪಾದವನ್ನು ಮೆಲ್ಲಗೆ ಒತ್ತಿ, ಹಾಗೇ ಕಾಯಬೇಕು. ಅವಸರ ಮಾಡಬಾರದು. ಬೇರೆ ದಿನ ಕಾಲು ಒಂದಿಷ್ಟು ಗೊಣಗಿ ಆಮೇಲೆ ದಾರಿಗೆ ಬರುತ್ತಿತ್ತು. "ಈ ಮನೇಲಿ ನನ್ನ ಮಾತು ಕೇಳೋದು ನಿನ್ನ ಕಾಲೊಂದೇ ಕಣೇ," ಎಂದು ಅವನು ತಮಾಷೆ ಮಾಡುವುದಿತ್ತು.

ಇವತ್ತು ಅದೂ ಕೇಳಲಿಲ್ಲ. ಮಂಡಿ ಕೊರಡಿನ ಹಾಗೆ ಸೆಟೆದಿತ್ತು. ಗಾಬರಿಯಾದಾಗ ಮಾಸ್ಟರ್‌ಗೆ ತೋಚುವುದು ಕಸುಬಿನ ಬುದ್ಧಿಯೊಂದೇ. ಮುದುಡಿದ ಬಟ್ಟೆಯನ್ನು ಎರಡೂ ತುದಿ ಹಿಡಿದು ಜಗ್ಗಿದರೆ ಸರಿಹೋಗುತ್ತದಲ್ಲ? ಜಗ್ಗಿದ. ಕಾಲು ಇನ್ನಷ್ಟು ಬಿಗಿದು, ಪಾದ ಹೊಲಿಗೆ ಮಷೀನಿನಂತೆ ಗಡಗಡ ಕುಣಿಯತೊಡಗಿತು.

"ರೀ..." ಅವಳ ದನಿ ಸಣ್ಣದಾಯಿತು. "ಮತ್ತೆ ಬಂತಾ?"

"ಬಿಡ್ತು ಅನ್ನು!"

ಹೋದ ವರ್ಷ ಬಂದದ್ದೂ ಹೀಗೆಯೇ. ಒಂದು ಬೆಳಿಗ್ಗೆ ಕಾಲು ಬಿಗಿಯಿತು. ಆಸ್ಪತ್ರೆ, ಡ್ರಿಪ್ಪು ಎಂದು ಅಲೆದು ಮನೆಗೆ ಮರಳಿದಾಗ ಅವಳ ಕೈಯಲ್ಲಿ ಕೋಲಿತ್ತು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಹಾಳುಮಾಡಿಕೊಳ್ಳುವ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು, ಎಂದಿದ್ದರು ಡಾಕ್ಟರು. ಇನ್ನೊಮ್ಮೆ ಕೆರಳಿದರೆ ಕೋಲೂ ಸಾಲದೆ ಹೋಗಬಹುದು ಎಂದೂ ಹೇಳಿದ್ದರು. ಆ ಮಾತು ಅವತ್ತಿನಿಂದ ಇಬ್ಬರ ಎದೆಯ ಮೇಲೂ ಕೂತಿತ್ತು. ಬಾಯಿಬಿಟ್ಟು ಮಾತ್ರ ಯಾರೂ ಆಡುತ್ತಿರಲಿಲ್ಲ.

ಮಾಸ್ಟರ್ ಫಿಸಿಯೋ ಮೇಡಂಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ.

"ಎಳೆದ್ರಾ?" ಸಂಗತಿ ಕೇಳಿದ ಮೇಡಂ ಮೊದಲು ಕೇಳಿದ್ದು ಅದನ್ನೇ.

"ಸ್ವಲ್ಪ... ಹೂಂ."

"ಕಾಲಿನ ಜೊತೆ ಜಗಳಕ್ಕಿಳಿದ್ರೆ ಗೆಲ್ಲೋದು ಕಾಲೇ ಅಂತ ಎಷ್ಟು ಸಲ ಹೇಳಿದೀನಿ ಮಾಸ್ಟ್ರೇ? ಮಂಡಿ ಕೆಳಗೆ ದಿಂಬು ಕೊಟ್ಟು ಸುಮ್ನೆ ಬಿಡಿ. ಇದ್ದಕ್ಕಿದ್ದ ಹಾಗೆ ಬಿಗಿ ಜಾಸ್ತಿ ಆದ್ರೆ ರೋಗಾನೇ ಕೆರಳಿದೆ ಅಂತ ಅಲ್ಲ. ಮೈಯಲ್ಲಿ ಎಲ್ಲೋ ಏನೋ ಕಾಟ ಕೊಡ್ತಿರಬಹುದು. ಮೊದಲು ಅದನ್ನ ಹುಡುಕಿ. ಜ್ವರ ಇದೆಯಾ? ಮೂತ್ರಕ್ಕೆ ಹೋದ್ರೆ ಉರಿ?"

"ಇಲ್ಲ, ಇಲ್ಲ," ಎಂದ ಮಾಸ್ಟರ್, ಹೆಂಡತಿಯ ಮುಖವನ್ನೂ ನೋಡದೆ.

"ಬಿಗಿಯಾದ ಬಟ್ಟೆ ಏನಾದ್ರೂ?"

"ಟೈಲರ್ ಹೆಂಡ್ತಿಗೆ ಬಿಗಿ ಬಟ್ಟೆನಾ ಮೇಡಂ?"

"ಪಾದ ಮುಟ್ಟಿದ್ರೆ ಗೊತ್ತಾಗುತ್ತಾ ಅವರಿಗೆ?"

"ಗೊತ್ತಾಗದೆ ಏನು! ಹೋದ ತಿಂಗಳು ಡಾಕ್ಟರು ಚುಚ್ಚಿ ನೋಡಿದಾಗ ಕಿರುಚಿ ಇಡೀ ಆಸ್ಪತ್ರೆ ಒಂದು ಮಾಡಿದ್ಲು."

"ಕಾಲುಚೀಲ ತೆಗೆದು ನೋಡಿದ್ರಾ?"

ನೋಡಿರಲಿಲ್ಲ. ಪಾದ ತಣ್ಣಗಾಗುತ್ತದೆಂದು ಅವಳು ಕಾಲುಚೀಲ ಬಿಚ್ಚಲು ಬಿಡುತ್ತಿರಲಿಲ್ಲ. ಹೋಗಲಿ ಎಂದು ಅವನೂ ಅದರ ಮೇಲೇ ಒತ್ತುತ್ತಿದ್ದ. ಈಗ ಮೆಲ್ಲಗೆ ಸುರುಳಿ ಮಾಡುತ್ತ ಇಳಿಸಿದ. ಬೆರಳುಗಳ ಹತ್ತಿರ ಅದು ಏನಕ್ಕೋ ಸಿಕ್ಕಿಕೊಂಡಿತು. ಬಿಡಿಸಿ, ಬಗ್ಗಿ ನೋಡಿದ. ಕಿರುಬೆರಳಿನ ಬುಡದಲ್ಲಿ ಕೆಂಪಗೆ ಊದಿತ್ತು. ಊತದ ನಡುವೆ ಮುರಿದ ಸೂಜಿಯ ತುಂಡೊಂದು ತುದಿ ಚಾಚಿಕೊಂಡಿತ್ತು. ನಿನ್ನೆ ಸಂಜೆಯೆಲ್ಲ ಅವಳು ಇದೇ ಮೇಜಿನ ಬಳಿ ಗುಂಡಿ ಹಾಕುತ್ತ ಕೂತಿದ್ದಳು, ಚಪ್ಪಲಿಯಿಲ್ಲದೆ, ಬರೀ ಕಾಲುಚೀಲದಲ್ಲಿ.

ಮಾಸ್ಟರ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಸೂಜಿ ಮೇಡಂ! ಬರೀ ಸೂಜಿ!"

"ನೋಡಿ, ಅದಕ್ಕೇ ಕಾಲು ಹಟ ಹಿಡಿದಿದ್ದು. ತುದಿ ಹೊರಗೆ ಕಾಣ್ತಿದ್ರೆ ನೇರವಾಗಿ ತೆಗೀರಿ, ಸೋಪು ನೀರಲ್ಲಿ ತೊಳೀರಿ. ಆಮೇಲೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಇಂಜೆಕ್ಷನ್ ಹಾಕಿಸೋಣ," ಎಂದು ಮೇಡಂ ಫೋನ್ ಇಟ್ಟರು.

"ಮೆಲ್ಲಗೆ ರೀ," ಎಂದಳು ಹೆಂಡತಿ. ಅಷ್ಟರಲ್ಲೇ ಅವಳ ಹಣೆ ಬೆವರಿತ್ತು. "ನಂಗೆ ನೋವು ತಡ್ಕೊಳ್ಳೋಕಾಗಲ್ಲ, ಗೊತ್ತಲ್ಲ."

"ಗೊತ್ತು ಮಾರಾಯ್ತಿ. ಕಣ್ಣು ಮುಚ್ಕೋ, ಹಲ್ಲು ಕಚ್ಚಿ ಹಿಡ್ಕೋ."

ದಾರದ ಎಳೆ ಕೀಳುವ ಚಿಮಟವನ್ನು ಬಿಸಿನೀರಲ್ಲಿ ಅದ್ದಿ ಒರೆಸಿದ. ಉಸಿರು ಬಿಗಿಹಿಡಿದು ತುಂಡಿನ ತುದಿ ಹಿಡಿದ, ನೇರವಾಗಿ ಎಳೆದ. ಸೂಜಿ ಬಂತು, ಹಿಂದೆಯೇ ಒಂದು ಹನಿ ರಕ್ತ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ; ಪೂರಾ ಬಂದಿತ್ತು, ಒಳಗೇನೂ ಉಳಿದಿರಲಿಲ್ಲ. ದೊಡ್ಡ ಗಂಡಾಂತರ ಕೂದಲೆಳೆಯಲ್ಲಿ ತಪ್ಪಿತು ಅನ್ನಿಸಿ ಅವನ ಮೈಯ ಭಾರವೆಲ್ಲ ಇಳಿಯಿತು. ರೋಗ ಅಲ್ಲ, ರೋಗ ಅಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ನಗುಮುಖ ಮಾಡಿ ಅವಳತ್ತ ತಿರುಗಿದ.

ಅವಳು ಇನ್ನೂ ಕಣ್ಣು ಮುಚ್ಚಿಯೇ ಇದ್ದಳು. ಎರಡೂ ಕೈ ಮೇಜಿನ ಅಂಚನ್ನು ಬಲವಾಗಿ ಹಿಡಿದಿದ್ದವು.

"ಇನ್ನೂ ಎಷ್ಟು ಹೊತ್ತು ರೀ?" ಎಂದಳು. "ತೆಗೆಯೋದಿದ್ರೆ ಒಂದೇ ಸಲ ತೆಗೆದುಬಿಡಿ."